ಯಾರ್ಕ್‌ಶೈರ್ ಮಠದ ಮೇಷ್ಟ್ರು

ಮಳವಳ್ಳಿಯ ಚರಿತ್ರೆ ಮೇಷ್ಟ್ರು ಗುರುಶಾಂತಪ್ಪನವರ ಜೊತೆ ಏಗಿ ಹೆಂಡತಿ ರೇವಮ್ಮನಿಗೆ ಸಾಕುಸಾಕಾಗಿತ್ತು. ಮನೆ ಸೋರುತ್ತದೆ ಎಂದರೆ, ಇಂಗ್ಲೆಂಡಿನ ಯಾರ್ಕ್‌ಶೈರಿನ ಮಠಗಳ ಮಾಳಿಗೆಗೆ ಹೊದಿಸಿದ್ದ ಸೀಸದ ತಗಡನ್ನು ಅಲ್ಲಿನ ರಾಜ ಕೀಳಿಸಿದ ಕಥೆ ಹೇಳುವರು; ಬಂಡೂರು ಕುರಿ ಕಂಡರೆ ಅಲ್ಲಿನ ಸನ್ಯಾಸಿಗಳ ಕುರಿಮಂದೆ ನೆನೆಯುವರು; ಯುದ್ಧಕಾಲದ ಸೀಮೆಎಣ್ಣೆ ರೇಷನ್ನಿಗೆ ಕಳಿಸಿದರೆ, ಸಾಲಿನವರಿಗೆಲ್ಲ ಮಠದ ಪುರಾಣ ಒದರಿ ಬರಿಗೈಲಿ ಬರುವರು. ಒಂದು ಮಧ್ಯಾಹ್ನ, ರಾಜ ಆ ಮಠಗಳನ್ನು ಮುಚ್ಚಿಸಿದ್ದನ್ನು ಹೇಳುತ್ತಾ ಮುದ್ದೆಯ ಮುಂದೆ ಕಣ್ಣೊರೆಸಿಕೊಂಡರು. "ನಾನೂರು ವರ್ಸದ ಇಂದೆ ಮುಚ್ಚಿದ ಮಠುಕ್ಕೆ ಇವತ್ತು ಅಳ್ತೀರಲ್ಲ, ನಿಮಗೇನು ಬಂದದೆ ಕೇಡು?" ಎಂದು ರೇವಮ್ಮ ರೇಗಿದಳು. "ಆ ಮಠದ ಬಾಗ್ಲಲ್ಲಿ ಉಣ್ತಿದ್ದ ಮಕ್ಕಳು ಮಾರನೇ ದಿನ ಎಲ್ಲಿಗೋದ್ರು ಅಂತ ಯಾವ ಪುಸ್ತಕದಲ್ಲೂ ಇಲ್ಲ ಕಣೆ," ಎಂದರು ಮೇಷ್ಟ್ರು. ಹುಡುಗನಾಗಿದ್ದಾಗ ಇವರು ಉಂಡು ಓದುತ್ತಿದ್ದ ಮಠದಲ್ಲಿ ದಾಸೋಹ ನಿಂತುಹೋದದ್ದು ರೇವಮ್ಮನಿಗೆ ಗೊತ್ತಿತ್ತು. ತನ್ನ ಪಾಲಿನ ಮುದ್ದೆಯನ್ನೂ ಅವರ ತಟ್ಟೆಗೆ ಹಾಕಿ ಗದರಿದಳು: "ಮೊದ್ಲು ಉಣ್ಣಿ. ಆಮೇಲೆ ಅಳೀರಂತೆ."