ಮೆರವಣಿಗೆ ಬಿಟ್ಟು ಹೊರಟ ಬಿಳಿ ಕುದುರೆ

ರಾಜ್ಯೋತ್ಸವದ ಮೆರವಣಿಗೆಯಲ್ಲಿ ರಾಣಿಯ ವೇಷ ಹಾಕಬೇಕಿದ್ದ ಹುಡುಗಿಗೆ ಹಿಂದಿನ ದಿನವೇ ಜ್ವರ ಬಂತು. ಕುದುರೆ ಗೊತ್ತು ಮಾಡಿಯಾಗಿತ್ತು, ಕಿರೀಟ ಬಂದಿತ್ತು. ಹೆಡ್‌ಮಾಸ್ಟರು ಶಾಲೆಯ ಆಟದ ಟೀಚರಾದ ನನ್ನ ಕಡೆ ನೋಡಿದರು. ನಲವತ್ತೊಂದು ವರ್ಷದಲ್ಲಿ ಸ್ಕೂಟರ್ ಬಿಟ್ಟು ಬೇರೇನನ್ನೂ ಓಡಿಸಿದವಳಲ್ಲ. ಆದರೂ "ಆಗಲಿ ಸಾರ್" ಅಂದುಬಿಟ್ಟೆ. ಅಂದಮೇಲೆ ಮನಸ್ಸು ಒಂದು ಕಡೆ ನಿಲ್ಲಲಿಲ್ಲ.

ಬೆಳಗ್ಗೆ ರಾಬರ್ಟ್‌ಸನ್‌ಪೇಟೆಯಲ್ಲಿ ಮೂರು ಕುದುರೆಗಳು ಸಿದ್ಧವಾಗಿದ್ದವು. ಎರಡರ ಮೇಲೆ ಪೇಟ ಸುತ್ತಿದ ಕಾಲೇಜಿನವರು ಸರದಾರರಾಗಿ ಕೂತಾಗಿತ್ತು. ಬಿಳಿಯದು ನನಗೆ. ಟೀ ಅಂಗಡಿಯ ಸ್ಟೂಲ್ ಮೇಲೆ ನಿಂತು ಹತ್ತಿದೆ. ಮುಖ್ಯ ಅತಿಥಿ ಬರುವುದು ತಡವಾಯಿತು. ಬಿಸಿಲೇರಿತು. ಕುದುರೆ ಗೊರಸಿನಿಂದ ಡಾಂಬರು ಕೆರೆಯುತ್ತಲೇ ಇತ್ತು.

"ಯಾಕೆ ತಾತಾ, ಹಿಂಗಾಡ್ತಿದೆ?" ಎಂದೆ.

ಕುದುರೆಯ ಯಜಮಾನ ಕ್ಯಾಸಂಬಳ್ಳಿಯ ಮುದುಕ. ಮೂತಿಯ ಹಗ್ಗ ಅವನ ಕೈಯಲ್ಲಿತ್ತು. "ಮದ್ವೆ ಕುದ್ರೆ ಕಣಮ್ಮಾ. ಸುಮ್ನೆ ನಿಲ್ಲು ಅಂದ್ರೆ ಇದ್ಕೆ ಆಗಲ್ಲ. ನೀನು ಭಯ ಬೀಳ್ಬೇಡ, ನಾನಿದೀನಿ."

ಕೊನೆಗೂ ಮೆರವಣಿಗೆ ಹೊರಟಿತು. ಹಿಂದೆ ತಮಟೆ, ಮುಂದೆ ಬಾವುಟ. ನಾನು ಬಲಗೈಯಲ್ಲಿ ಮರದ ಕತ್ತಿ ಎತ್ತಿ, ಎಡಗೈಯಲ್ಲಿ ಲಗಾಮು ಹಿಡಿದಿದ್ದೆ. ಮಾರ್ಕೆಟ್ಟಿನ ತಿರುವಿನಲ್ಲಿ, ಪಕ್ಕದ ಬೀದಿಯ ಛತ್ರದಿಂದ ಮದುವೆಯ ಬ್ಯಾಂಡು ಕೇಳಿಸಿತು. ಕುದುರೆ ಕಿವಿ ನಿಮಿರಿಸಿತು. ಮರುಗಳಿಗೆ ಸಾಲು ಬಿಟ್ಟು ಆ ಬೀದಿಗೆ ನುಗ್ಗಿತು.

"ನಿಲ್ಲೇ! ಎಲ್ಲಿಗ್ ಓಯ್ತೀಯೇ!" ಮುದುಕ ಹಗ್ಗ ಹಿಡಿದು ಜೊತೆಗೇ ಓಡಿದ.

ಛತ್ರದ ಬಾಗಿಲಲ್ಲಿ ನಿಂತುಕೊಂಡು ಕುದುರೆ ಕಾಲೆತ್ತಿ ಕುಣಿಯತೊಡಗಿತು. ಕಿರೀಟ ಕಣ್ಣಿನ ಮೇಲೆ ಜಾರಿತು. ನಾನು ಕತ್ತಿ ಬಿಸಾಕಿ ಜೂಲು ಹಿಡಿದೆ. ಆರತಿ ತಟ್ಟೆ ಹಿಡಿದು ಓಡಿಬಂದ ಅಜ್ಜಿಯೊಬ್ಬಳು ಬಾಯಿ ಬಿಟ್ಟು ನಿಂತಳು.

"ಅಯ್ಯೋ, ಮಾಪ್ಳೆ ಬಂದ್ರು ಅಂದ್ಕೊಂಡೆ! ಯಾರಮ್ಮಾ ನೀನು?"

"ಮೆರವಣಿಗೆ ರಾಣಿ, ಅಜ್ಜಿ," ಎಂದೆ. ಕಿರೀಟ ಮೇಲಕ್ಕೆ ಸರಿಸಿಕೊಂಡೆ.

ಅವಳು ಬಿದ್ದು ಬಿದ್ದು ನಕ್ಕಳು. "ರಾಣಿನೇ ಬಂದವ್ಳೆ, ಅಂಗೇ ಕಳ್ಸೋದಾ?" ಎಂದು ಕುದುರೆಗೂ ನನಗೂ ಸೇರಿಸಿ ಆರತಿ ಎತ್ತಿದಳು. ಅವಳು ಕಾಯುತ್ತಿದ್ದ ಮಾಪ್ಳೆ, ಅಂದರೆ ಮದುಮಗ, ಆಟೋದಲ್ಲಿ ಬಂದಿಳಿದದ್ದು ಆಮೇಲೆ.

ನಾವು ಮರಳಿದಾಗ ಮೆರವಣಿಗೆ ಮೈದಾನ ಸೇರಿ ಭಾಷಣ ನಡೆಯುತ್ತಿತ್ತು. ಹೆಡ್‌ಮಾಸ್ಟರು, "ಎಲ್ಲಿ ಹೋಗಿದ್ರಿ?" ಎಂದು ಹಲ್ಲು ಕಡಿದರು. "ಕುದುರೆ ಹೋದ ಕಡೆ ಸಾರ್," ಎಂದೆ.

ಮನೆಗೆ ಬಂದರೂ ಕೂರಲಾಗಲಿಲ್ಲ, ಮಲಗಲಾಗಲಿಲ್ಲ. ತೊಡೆ ನೋಯುತ್ತಿತ್ತು, ನೆಲವೇ ಹೊಯ್ದಾಡಿದಂತಿತ್ತು. ಕಾಡಿದ್ದು ಇನ್ನೊಂದು: ತಿರುವಿನಲ್ಲಿ ಲಗಾಮು ನನ್ನ ಎಡಗೈಯಲ್ಲೇ ಇತ್ತು. ಎಳೆಯಬಹುದಿತ್ತು. ಎಳೆಯಲಿಲ್ಲ. ಇದನ್ನು ಯಾರಿಗೂ ಹೇಳಲಿಲ್ಲ.

ಮುಂದಿನ ಭಾನುವಾರ ಕ್ಯಾಸಂಬಳ್ಳಿಯ ಬಸ್ಸು ಹತ್ತಿದೆ. ಮುದುಕ ಕುದುರೆಗೆ ಹುಲ್ಲು ಹಾಕುತ್ತಿದ್ದ.

"ಸವಾರಿ ಕಲಿಸ್ತೀಯಾ ತಾತಾ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಮೂಲೆಯಲ್ಲಿದ್ದ ಬ್ರಷ್ಷು ಕೈಗಿತ್ತ. "ಮೊದ್ಲು ಮೈ ಉಜ್ಜಮ್ಮಾ. ಕುದ್ರೆ ಅತ್ತೋದು ಆಮೇಲೆ."