ಪತ್ತಾಯದ ಮೇಲಿನ ರೇಡಿಯೊ

ಒಪ್ಪಿಕೊಂಡುಬಿಡುತ್ತೇನೆ: ಸದ್ದು ಎಷ್ಟು ದೊಡ್ಡದೋ ಸಂಗೀತ ಅಷ್ಟು ಒಳ್ಳೆಯದು ಎಂದು ನಂಬಿದ್ದ ಕಾಲ ನನಗೂ ಇತ್ತು. ಎಪ್ಪತ್ತನೆಯ ಇಸವಿಯ ಆಸುಪಾಸು. ಬೊಂಬಾಯಿಯ ಹೋಟೆಲಿನಲ್ಲಿದ್ದ ಚಿಕ್ಕಪ್ಪ ಒಂದು ಟ್ರಾನ್ಸಿಸ್ಟರ್ ತಂದುಕೊಟ್ಟಿದ್ದರು. ನೋಡಲು ಲಕ್ಷಣ, ದನಿ ಮಾತ್ರ ನೆಗಡಿ ಹಿಡಿದ ಸೊಳ್ಳೆಯದು.

ಒಂದು ಮಳೆಗಾಲ ಅದನ್ನು ಜಗಲಿಯ ಪತ್ತಾಯದ ಮೇಲಿಟ್ಟೆ. ಪತ್ತಾಯವೆಂದರೆ ಭತ್ತ ತುಂಬಿಡುವ, ಮೇಲೆ ಇಬ್ಬರು ಆರಾಮಾಗಿ ಮಲಗಬಹುದಾದ ಮರದ ಪೆಟ್ಟಿಗೆ. ಆಗ ಭತ್ತ ಮುಗಿದು ಅದರ ತಳ ಕಂಡಿತ್ತು. ಸೊಳ್ಳೆ ಹೋಗಿ ಯಕ್ಷಗಾನದ ಭಾಗವತರಾದರು! ವಾರ್ತೆ ಓದುವವರು ನಮ್ಮ ಜಗಲಿಯಲ್ಲೇ ಎಲೆಯಡಿಕೆ ಮೆಲ್ಲುತ್ತ ಕೂತಂತಿತ್ತು. ವೀಣೆಗೆ ಕೊಡ, ಚೆಂಡೆಗೆ ಹೊಟ್ಟೆ ಯಾಕೆ ಎಂಬುದು ನನಗೆ ಹೊಳೆದದ್ದು ಅಂದೇ. ಪೆಟ್ಟಿಗೆ ದೊಡ್ಡದಿರಬೇಕು, ಹಲಗೆ ನಡುಗಬೇಕು, ಒಳಗೆ ಗಾಳಿಯಿರಬೇಕು. ಈ ಶಾಸ್ತ್ರವನ್ನು ಊರೆಲ್ಲ ಬೋಧಿಸಿಕೊಂಡು ತಿರುಗಿದೆ. ಕೊಯ್ಲಾಗಿ ಪತ್ತಾಯ ತುಂಬಿದ ದಿನ ರೇಡಿಯೊಗೆ ಮತ್ತೆ ನೆಗಡಿ.

ಅಷ್ಟರಲ್ಲಿ ತಂಗಿ ಗುಲಾಬಿಯನ್ನು ನೋಡಲು ತಲ್ಲೂರಿನವರು ಬರುವುದೆಂದಾಯಿತು. ಎರಡು ಸಂಬಂಧ ಆಗಲೇ ತಪ್ಪಿಹೋಗಿ ಅಪ್ಪಯ್ಯ ಕಂಗಾಲಾಗಿದ್ದರು. ಮನೆಯ ಮರ್ಯಾದೆ ಕಾಯುವ ಹೊಣೆಯನ್ನು ನನಗೆ ಯಾರೂ ಕೊಟ್ಟಿರಲಿಲ್ಲ, ನಾನೇ ಹೊತ್ತುಕೊಂಡೆ. ಅಪ್ಪಯ್ಯ ಗದ್ದೆಗೆ ಹೋದಾಗ, ಅವರಿಗೆ ತಿಳಿಯದಂತೆ, ಪತ್ತಾಯದ ಭತ್ತವನ್ನೆಲ್ಲ ಹಿಂದಿನ ಕೋಣೆಗೆ ಸುರಿದೆ.

ಬಂದವರಲ್ಲಿ ಹುಡುಗನ ತಂದೆ ಪತ್ತಾಯದ ಮೇಲೇ ಕುಳಿತರು. ನಾನು ಗತ್ತಿನಿಂದ ರೇಡಿಯೊ ತಿರುಗಿಸಿದೆ. ಹಲಗೆ ಗುಂಯ್ ಎಂದದ್ದಕ್ಕೆ ಅವರು ಬೆಚ್ಚಿ ಎದ್ದು, ಬೆರಳ ಗಂಟಿನಿಂದ ಪತ್ತಾಯವನ್ನು ತಟ್ಟಿ ನೋಡಿದರು. ಬೇಸಾಯದವರಿಗೆ ಆ ಸದ್ದು ಸಾಕು.

"ಹ್ವಾಯ್, ಕೊಯ್ಲ್ ಆಯಿ ತಿಂಗ್ಳ್ ಆಯ್ಲಿಲ್ಲೆ, ಪತ್ತಾಯ ಖಾಲಿಯಾ?"

ಅಪ್ಪಯ್ಯನ ಮುಖ ಬಿಳುಚಿತು. ನಮ್ಮದು ಉಣ್ಣಲು ಗತಿಯಿಲ್ಲದ ಮನೆ ಎಂದಾಯಿತು. ಮೂರನೆಯ ಸಂಬಂಧವೂ ಚಪ್ಪಲಿ ಹುಡುಕತೊಡಗಿತು. ನಾನು ನಾಚಿಕೆಯಿಂದ ಸತ್ತೇ ಹೋದೆ.

ಕಾಫಿ ತಟ್ಟೆ ಹಿಡಿದು ತಲೆ ತಗ್ಗಿಸಿ ನಿಂತಿರಬೇಕಾದ ಗುಲಾಬಿ ಆಗ ಬಾಯಿಬಿಟ್ಟಳು: "ಭತ್ತ ಹಿಂದಿನ್ ಕ್ವಾಣಿಯಗಿತ್ತ್, ಬಂದ್ ಕಾಣಿ! ರೇಡಿಯೊ ದೊಡ್ಡ ಕೇಣ್ಕ್ ಅಂದೇಳಿ ಈ ಅಣ್ಣ ಖಾಲಿ ಮಾಡದ್ದ್. ಇವ್ನ್ ತಲಿ ತಟ್ಟಿ ಕಾಣಿ, ಅದೂ ಹಾಂಗೇ ಕೇಂತ್!"

ಗದ್ದೆಯ ಆಚೆಬದಿಗೂ ಕೇಳಿರಬೇಕು. ಹಿರಿಯರು ಭತ್ತ ನೋಡಲು ಹೋಗಲೇ ಇಲ್ಲ. ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಈ ಹೆಣ್ಣ್ ನಮ್ಗ್ ಅಕ್ಕ್" ಎಂದು ಸಂಬಂಧ ಒಪ್ಪಿದರು.

ಮದುವೆಯಾಯಿತು. ಮುಂದಿನ ಮಳೆಗಾಲಕ್ಕೆ ಪತ್ತಾಯ ತಾನಾಗಿಯೇ ಖಾಲಿಯಾದಾಗ ರೇಡಿಯೊವನ್ನು ಅದರ ಮೇಲಿಟ್ಟು ಕಿವಿ ಹಿಂಡಿದೆ. ಹಲಗೆ ನಡುಗಿತು, ಗಾಳಿಯಿತ್ತು, ಶಾಸ್ತ್ರವೆಲ್ಲ ಸರಿಯಾಗಿಯೇ ಇತ್ತು.

ಒಳಗಿನಿಂದ ಅಪ್ಪಯ್ಯ, "ಸಣ್ಣ ಆಯ್ತ್ ಮಗಾ, ಇನ್ನೂ ದೊಡ್ಡ ಮಾಡ್" ಎಂದರು.

ದನಿ ಹೆಚ್ಚಿಸುವ ಬಿರಡೆ ಆಗಲೇ ಕೊನೆಗೆ ಬಂದಿತ್ತು. ಮನೆ ತುಂಬುತ್ತಿದ್ದ ಸದ್ದನ್ನು ನಾವೇ ತಲ್ಲೂರಿಗೆ ಕಳಿಸಿಕೊಟ್ಟಿದ್ದೆವು.