ಕಂಪನಿ ಫಿಟ್ಟಿಂಗ್

ಹಳೆಯ ಪಿಕಪ್ ಗಾಡಿಯ ಬಣ್ಣ, ಬಾನೆಟ್ಟು, ಸೀಟು ಇವನ್ನೆಲ್ಲ ನಾನು ಮೊದಲು ನೋಡುವುದಿಲ್ಲ. ನೆಲಕ್ಕೆ ಗೋಣಿಚೀಲ ಹಾಸಿ, ಅಂಗಾತ ಮಲಗಿ, ಗಾಡಿಯ ಕೆಳಗೆ ಸರಿಯುತ್ತೇನೆ. ಗಾಡಿಯ ಹುಟ್ಟು ಅಲ್ಲಿರುತ್ತದೆ. ಯಾವ ಇಂಜಿನ್ನಿಗೆ ಯಾವ ಗೇರ್ ಬಾಕ್ಸ್, ಅದರ ಹಿಂದೆ ಯಾವ ಹೌಸಿಂಗ್, ಮುಂದಿನ ಗಾಲಿಗೂ ಎಳೆತ ಇದೆಯೋ ಇಲ್ಲವೋ, ಎಲ್ಲ ಅಲ್ಲೇ ತಿಳಿಯುತ್ತದೆ. ಹೌಸಿಂಗ್ ಅಂದರೆ ಎರಡು ಗಾಲಿಗಳ ನಡುವಿನ ದಪ್ಪ ಕಬ್ಬಿಣದ ತೊಲೆ. ಅದರ ಹೊಟ್ಟೆಯಲ್ಲಿ ಕ್ರೌನ್ ಎನ್ನುವ ಹಲ್ಲಿನ ಚಕ್ರ ಇರುತ್ತದೆ. ಇದನ್ನೆಲ್ಲ ಕಂಪನಿಯವರೇ ಕೂಡಿಸಿ ಕಳಿಸಿದ್ದರೆ ಅದು ಕಂಪನಿ ಫಿಟ್ಟಿಂಗ್. ಒಂದು ಗಾಡಿಯದನ್ನು ಬಿಚ್ಚಿ ಇನ್ನೊಂದಕ್ಕೆ ನಮ್ಮಂಥವರು ಕೂಡಿಸಿದ್ದರೆ ಅದು ಸೆಟ್ಟಿಂಗ್. ಸೆಟ್ಟಿಂಗ್ ಗಾಡಿಗಳು ನಮ್ಮ ಕಡೆ ಬೇಕಾದಷ್ಟಿವೆ. ಅವುಗಳಿಂದಲೇ ನಮ್ಮ ಹೊಟ್ಟೆ ತುಂಬಿದೆ, ಅದರಲ್ಲಿ ನಾಚಿಕೆಯೇನಿಲ್ಲ.

ನಾನು ಏಳನೆಯ ಕ್ಲಾಸಿಗೆ ಶಾಲೆ ಬಿಟ್ಟು ಕೊಟ್ಟೂರಿನಲ್ಲಿ ಒಬ್ಬ ಉಸ್ತಾದರ ಗ್ಯಾರೇಜ್ ಸೇರಿದವನು. ಈಗ ಅದೇ ಊರಿನಲ್ಲಿ ನನ್ನದೇ ಗ್ಯಾರೇಜ್ ಇದೆ. ಯಾರ ಕಾಲೂ ಹಿಡಿದು ಮೇಲೆ ಬಂದಿಲ್ಲ. ಕೆಲವು ವರ್ಷಗಳಿಂದ ದೂರದ ಶಹರದ ಸಾಹೇಬರೊಬ್ಬರು, ಹಳೆಯ ಗಾಡಿಗಳನ್ನು ಸಂಗ್ರಹಿಸುವವರು, ನನಗೆ ಫೋನ್ ಮಾಡುತ್ತಾರೆ. ಅಪರೂಪದ ಕಂಪನಿ ಫಿಟ್ಟಿಂಗ್ ಇರುವ ಪಿಕಪ್ ಕಂಡರೆ ತಿಳಿಸಿ ಅನ್ನುತ್ತಾರೆ. ಭಾನುವಾರ ಬೈಕು ತೆಗೆದುಕೊಂಡು ಹೊರಡುತ್ತೇನೆ. ಕೂಡ್ಲಿಗಿಯ ಕಲ್ಲು ಕ್ವಾರಿಗಳನ್ನು, ಹಡಗಲಿಯ ಹೊಳೆದಂಡೆಯನ್ನು, ಹಗರಿಬೊಮ್ಮನಹಳ್ಳಿಯ ಗುಜರಿಗಳನ್ನು ಹೀಗೇ ಸುತ್ತಿದ್ದೇನೆ. ಕೋಗಳಿಯಲ್ಲಿ ಒಂದು ಗಾಡಿಯ ಕ್ಯಾಬಿನ್ನಿನೊಳಗೆ ಕೋಳಿ ಕಾವಿಗೆ ಕೂತಿತ್ತು. ನಾನು ಕೆಳಗೆ ಸರಿದದ್ದನ್ನು ಕಂಡು ಮನೆಯಾಕೆ ಕಟ್ಟೆಯಿಂದಲೇ ಕೂಗಿದಳು: "ಕೋಳಿ ಎದ್ದು ಬಂತಂದ್ರ ತತ್ತಿ ಮ್ಯಾಲೆ ನಿನ್ನ ಕೂಡಸ್ತೀನಿ ನೋಡು!"

ಸಾಹೇಬರು ಎಲ್ಲಕ್ಕಿಂತ ಹೆಚ್ಚು ಕೇಳುತ್ತಿದ್ದದ್ದು ಒಂದೇ ಗಾಡಿ. ಉದ್ದ ಚಾಸಿಯ, ಅಂದರೆ ಉದ್ದ ಅಡಿಚೌಕಟ್ಟಿನ ಪಿಕಪ್, ನಾಲ್ಕೂ ಗಾಲಿಗೆ ಎಳೆತ, ಮುಂದೆ ಹಿಂದೆ ಎರಡೂ ಕಡೆ ಭಾರ ಎಳೆಯುವ ಕ್ರೌನ್. ಕಂಪನಿ ಅದನ್ನು ಅಂಗಡಿಯಲ್ಲಿಟ್ಟು ಮಾರಲಿಲ್ಲವಂತೆ. ಯಾವುದೋ ಸರ್ಕಾರಿ ಕೆಲಸಕ್ಕೆ ಕೇಳಿದ್ದಕ್ಕೆ ಕೆಲವನ್ನಷ್ಟೇ ಮಾಡಿ ಕೊಟ್ಟಿತ್ತಂತೆ.

ಅಂಥದೊಂದು ಹರಪನಹಳ್ಳಿಯಲ್ಲಿದೆ ಎಂದು ನಾನು ಕೇಳಿದ್ದೆ. ಅದರ ಹೆಸರೆತ್ತಿ ಜನ ನಗುವುದನ್ನೂ ಕೇಳಿದ್ದೆ. ಅದರ ಒಡೆಯ ಒಬ್ಬ ಮುದಿ ಡ್ರೈವರ್. ಹೆಂಡತಿ ತೀರಿಕೊಂಡಿದ್ದಳು, ಮಕ್ಕಳಿರಲಿಲ್ಲ. ಒಂದು ಕಾಲು ಎಳೆದು ನಡೆಯುತ್ತಿದ್ದ. ತಮ್ಮನ ಗ್ಯಾರೇಜಿನ ಹಿಂದಿನ ಕೋಣೆಯಲ್ಲಿ ಅವನ ವಾಸ. ಆ ತಮ್ಮ ನನ್ನ ಓರಗೆಯವನು. ಒಂದೇ ಉಸ್ತಾದರ ಕೈಕೆಳಗೆ ಇಬ್ಬರೂ ಕೆಲಸ ಕಲಿತು, ಒಂದೇ ತಟ್ಟೆಯಲ್ಲಿ ಉಂಡವರು.

ಮುದುಕ ಗಾಡಿಯನ್ನು ಹಿಂದೆ ಸರ್ಕಾರಿ ಹರಾಜಿನಲ್ಲಿ ತಂದಿದ್ದ. ಚಿಗಟೇರಿ ಕಡೆಯ ಎರೆಹೊಲದಲ್ಲಿ ಮಳೆಗೆ ಹೂತ ಟ್ರ್ಯಾಕ್ಟರುಗಳನ್ನು ನಾಲ್ಕೂ ಗಾಲಿ ಹಾಕಿ ಎಳೆದು ತೆಗೆದಿದ್ದೇನೆ, ಇದು ಕಂಪನಿ ಫಿಟ್ಟಿಂಗ್, ಎಂದು ಅವನು ಹೇಳುತ್ತಿದ್ದ. ಆದರೆ ಕಾಲು ಮುರಿದು ಬಹಳ ದಿನ ಆಸ್ಪತ್ರೆಯಲ್ಲಿ ಮಲಗಿ ಎದ್ದ ಮೇಲೆ, ಜನರೆದುರು ಒಮ್ಮೆ ಮುಂದಿನ ಗಾಲಿಗೆ ಎಳೆತ ಕೊಡಲು ಹೋದ. ಗಾಡಿ ಎರಡು ಮಾರು ಹೋಗಿ ಕಟಕಟ ಎಂದು ಬಿಗಿದು ನಿಂತಿತು. ತಮ್ಮ ಆ ದಿನವೇ ಮುಂದಿನ ಗಾಲಿಗೆ ಎಳೆತ ಒಯ್ಯುವ ಶಾಫ್ಟ್ ಬಿಚ್ಚಿ ಹಾಕಿದ. ಅಣ್ಣ ಗುಜರಿಯಿಂದ ಜೀಪಿನ ಹೌಸಿಂಗ್ ತಂದು ಮುಂದೆ ಸಿಗಿಸಿದ್ದಾನೆ, ಕಂಪನಿ ಗಿಂಪನಿ ಎಲ್ಲ ಸುಳ್ಳು ಎಂದು ಚಹದ ಅಂಗಡಿಯಲ್ಲಿ ಮೊದಲು ಹೇಳಿದವನೂ ಅವನೇ.

ಅಂದಿನಿಂದ ಮುದುಕನ ಹೆಸರೇ ಹೋಯಿತು. "ಬಾರೋ ಕಂಪನಿ ಫಿಟ್ಟಿಂಗ್, ನಿನ್ನ ಹಲ್ಲು ಕಂಪನಿವೋ ಸೆಟ್ಟಿಂಗೋ?" ಎಂದು ಒಬ್ಬ. "ಹಲ್ಲು ಕಂಪನಿವ, ಕಾಲಾಗಿನ ರಾಡ್ ಅಷ್ಟ ಸೆಟ್ಟಿಂಗ್" ಎಂದು ಇನ್ನೊಬ್ಬ. ಹೆಂಡತಿಯನ್ನು ಮಣ್ಣು ಮಾಡಿ ಬಂದ ವಾರವೂ ಅವನನ್ನು ಬಿಡಲಿಲ್ಲ. ಓಣಿಯ ಜಗಳಕ್ಕೆ ಅವನು ಸಾಕ್ಷಿ ಹೇಳಲು ಹೋದರೆ, "ಅವನ ಮಾತು ಬಿಡ್ರಿ" ಎಂದು ಹೊರಗೆ ಕಳಿಸುತ್ತಿದ್ದರು.

ನಾನು ಹೋದ ದಿನ ಅವನು ಗಾಡಿಯ ಪಕ್ಕ ಬೀಡಿ ಸೇದುತ್ತಾ ಕೂತಿದ್ದ. ಬಂದ ಕಾರಣ ಹೇಳಿದೆ. ಬೀಡಿ ಆರಿಸಿ ಎದ್ದ.

"ನಾ ಗಾಡಿ ಮಾರಂಗಿಲ್ಲಪ್ಪಾ. ನಿಮ್ಮ ಸಾಹೇಬ್ರಿಗೂ ಇಲ್ಲ, ಯಾರಿಗೂ ಇಲ್ಲ. ನೀ ಕೆಳಗ ಮಲಕ್ಕೊಂಡು ನೋಡು. ಖರೇ ಇದ್ರ, ಆ ಚಾದಂಗಡ್ಯಾಗ ನಿಂತು ಖರೇ ಐತಿ ಅನ್ನು. ಅಷ್ಟ ಸಾಕು. ಸಾಯೋದ್ರೊಳಗ ಒಮ್ಮಿ ನನ್ನ ಮಾತು ಖರೇ ಅಂತ ಅನಿಸ್ಕೋಬೇಕು."

"ಖರೇ ಇಲ್ದಿದ್ರ ಅದನ್ನೂ ಅಲ್ಲೇ ಹೇಳ್ತೀನಿ ಯಣ್ಣಾ" ಎಂದೆ.

"ಹೇಳು" ಎಂದ.

ತಮ್ಮ ಕೈ ಒರೆಸಿಕೊಳ್ಳುತ್ತಾ ಬಂದ. ಚಹದ ಅಂಗಡಿ ಎದುರಿಗೇ ಇತ್ತು. ಅಲ್ಲಿದ್ದವರೂ ಗ್ಲಾಸು ಹಿಡಿದೇ ಬಂದು ಸುತ್ತ ನಿಂತರು. "ನೋಡಲೇ ದೋಸ್ತ, ಚಲೋತ್ನಾಗಿ ನೋಡು" ಎಂದು ತಮ್ಮ ನಕ್ಕ. "ಒಳಗ ಬಂಗಾರ ಗಿಂಗಾರ ಇಟ್ಟಾರೇನು ಕಂಪನ್ಯಾರು."

ನಾನು ಕೆಳಗೆ ಸರಿದೆ. ಮುಂದಿನ ಹೌಸಿಂಗ್ ಹಿಡಿದಿಡುವ ಬ್ರಾಕೆಟ್ಟುಗಳ ಮೇಲೆ ಬೆರಳು ದಪ್ಪ ಮಡ್ಡಿ ಕೂತಿತ್ತು. ಸೀಮೆಎಣ್ಣೆ ಹಾಕಿ ತಿಕ್ಕಿದೆ. ಕೆಳಗೆ ರಿವೆಟ್ಟುಗಳು ಕಂಡವು, ದುಂಡಗೆ, ಸಾಲಾಗಿ. ಚಾಸಿಗೂ ಅವಕ್ಕೂ ಒಂದೇ ಬಣ್ಣ, ಒಂದೇ ಮುಪ್ಪು. ನಮ್ಮ ಯಾವ ಗ್ಯಾರೇಜಿನವನೂ ಚಾಸಿಗೆ ರಿವೆಟ್ ಹೊಡೆಯುವುದಿಲ್ಲ, ಆ ಮಷಿನ್ನು ನಮ್ಮಲ್ಲಿಲ್ಲ. ನಾವು ಬೋಲ್ಟ್ ಹಾಕುತ್ತೇವೆ, ಇಲ್ಲವೇ ವೆಲ್ಡಿಂಗ್ ಮಾಡುತ್ತೇವೆ. ಮುಂದಿನದು ಕಂಪನಿಯದೇ. ವರ್ಷಗಟ್ಟಲೆ ಹುಡುಕಿದ್ದು ನನ್ನ ಮೂಗಿನ ಮೇಲಿತ್ತು.

ಹಾಗಾದರೆ ಅದು ಯಾಕೆ ಬಿಗಿದು ನಿಂತಿತು?

ನಾಲ್ಕು ಗಾಲಿ ಎಳೆಯುವ ಗಾಡಿಯಲ್ಲಿ ಮುಂದಿನ ಕ್ರೌನೂ ಹಿಂದಿನ ಕ್ರೌನೂ ಒಂದೇ ಲೆಕ್ಕದವು ಇರಬೇಕು. ಇಲ್ಲದಿದ್ದರೆ ಒಂದು ಓಡುತ್ತದೆ, ಒಂದು ಎಳೆಯುತ್ತದೆ, ಗಾಡಿ ತನ್ನನ್ನು ತಾನೇ ಮುರಿದುಕೊಳ್ಳುತ್ತದೆ. ಹೌಸಿಂಗ್ ಬಿಚ್ಚದೆ ಲೆಕ್ಕ ತೆಗೆಯಲು ನಮ್ಮ ಉಸ್ತಾದರು ಒಂದು ದಾರಿ ಕಲಿಸಿದ್ದರು. ಒಂದು ಹೌಸಿಂಗಿನ ಎರಡೂ ಗಾಲಿ ಜಾಕಿ ಮೇಲೆ ಎತ್ತಬೇಕು. ಶಾಫ್ಟ್ ಕೂಡುವ ಜಾಗಕ್ಕೆ ಸೀಮೆಸುಣ್ಣದ ಗುರುತು ಹಾಕಬೇಕು. ಎರಡು ಗಾಲಿಯನ್ನೂ ಕೂಡಿಯೇ ಒಂದು ಸುತ್ತು ತಿರುಗಿಸಿ, ಗುರುತು ಎಷ್ಟು ಸಲ ಸುತ್ತಿತು ಎಂದು ಕೆಳಗೆ ಮಲಗಿ ಎಣಿಸಬೇಕು. ಸುತ್ತು ಹೆಚ್ಚಾದಷ್ಟೂ ಭಾರ ಎಳೆಯುವ ಬಲ ಹೆಚ್ಚು, ಓಟ ಕಡಿಮೆ.

"ನಾ ಎಣಿಸ್ತೀನಿ" ಎಂದು ಮುದುಕ ತಾನೇ ಕುಂಟುತ್ತಾ ಬಂದು ಕೆಳಗೆ ಮಲಗಿದ. ಒಂದು ಗಾಲಿಗೆ ನಾನು, ಇನ್ನೊಂದಕ್ಕೆ ತಮ್ಮ. ಮುಂದಿನದನ್ನು ತಿರುಗಿಸಿದೆವು. ಮುದುಕ ಒಂದು, ಎರಡು ಎಂದು ಕೂಗಿ ಎಣಿಸಿದ. "ಐದು ದಾಟೇತಿ, ಇನ್ನರ್ಧಕ್ಕ ಬಂತು!" ಭಾರ ಎಳೆಯುವ ಕ್ರೌನ್. ಸಾಹೇಬರು ಹೇಳಿದ್ದೇ.

"ಸಾಕು ಬಿಡಲೇ, ಹಿಂದಿಂದು ಏನ್ ನೋಡ್ತಿ" ಎಂದ ತಮ್ಮ. ನಗು ಇನ್ನೂ ಮುಖದ ಮೇಲಿತ್ತು, ದನಿಯಲ್ಲಿ ಇರಲಿಲ್ಲ.

"ತಿರುಗ್ಸಪ್ಪಾ, ಬಂಗಾರ ಹಿಂದೈತೋ ಏನೋ" ಎಂದು ನೋಡುತ್ತಿದ್ದವರಲ್ಲೊಬ್ಬ ಕಿಚಾಯಿಸಿದ. ಜನರೆದುರು ಅವನು ಹಿಂದೆ ಸರಿಯುವಂತಿರಲಿಲ್ಲ. ತಿರುಗಿಸಿದ.

ಕೆಳಗಿನಿಂದ ದನಿ ಬಂತು. "ಒಂದು. ಎರಡು. ಮೂರು." ಗಾಲಿಗಳು ಸುತ್ತು ಮುಗಿಸಿ ನಿಂತವು. ನಾಲ್ಕು ಅನ್ನುವುದು ಬರಲಿಲ್ಲ. ಅವನು ಡ್ರೈವರ್, ಅದರ ಅರ್ಥವನ್ನು ನಾನು ಬಿಡಿಸಿ ಹೇಳಬೇಕಿರಲಿಲ್ಲ. ಅವನು ಕಂಪನಿಯಿಂದ ಬಂದಂತೆ ಓಡಿಸಿದ ಗಾಡಿಯ ಹಿಂದಿನ ಹೌಸಿಂಗನ್ನು ಯಾರೋ ಬದಲಿಸಿದ್ದರು.

ನಾನೂ ಕೆಳಗೆ ಸರಿದು ಅವನ ಪಕ್ಕ ಮಲಗಿದೆ. ಹಿಂದಿನ ಹೌಸಿಂಗಿನ ಮೇಲೆ ಪಾಟಾ, ಅಂದರೆ ಸ್ಪ್ರಿಂಗಿನ ಪಟ್ಟಿಗಳು, ಕೂರುವ ಜಾಗವನ್ನು ಕತ್ತರಿಸಿ ಮತ್ತೆ ವೆಲ್ಡಿಂಗ್ ಮಾಡಿದ್ದರು. ಮಡ್ಡಿ ಒರೆಸಿದೆ. ವೆಲ್ಡಿಂಗಿನ ಗೆರೆ ಕೊನೆಯಲ್ಲಿ ಎಡಕ್ಕೆ ಕೊಕ್ಕೆಯಂತೆ ಬಾಗಿತ್ತು. ಹಾಗೆ ಕೊನೆಯಲ್ಲಿ ಕೈ ಎಳೆಯುವುದಕ್ಕೆ ಉಸ್ತಾದರು ನಮ್ಮಿಬ್ಬರಲ್ಲಿ ಒಬ್ಬನಿಗೆ ಎಷ್ಟೋ ಸಲ ಹೊಡೆದಿದ್ದರು. ಆ ಕೈ ನನ್ನದಲ್ಲ. ಮುದುಕನೂ ಆ ಗೆರೆಯನ್ನೇ ನೋಡುತ್ತಿದ್ದ. ಆಮೇಲೆ ತಲೆ ತಿರುಗಿಸಿ, ಗಾಲಿಗಳ ಸಂದಿಯಿಂದ, ಅಂಗಳದ ಆ ಬದಿಗೆ ನಿಂತ ತಮ್ಮನ ಪಿಕಪ್ಪನ್ನು ನೋಡಿದ. ಕ್ವಾರಿಯ ಕಲ್ಲು ಹೇರಿಕೊಂಡು ಏರು ಹತ್ತುವುದರಲ್ಲಿ ಅದನ್ನು ಮೀರಿಸುವ ಗಾಡಿ ಊರಲ್ಲಿಲ್ಲ ಎಂದು ತಮ್ಮ ಜಂಬ ಕೊಚ್ಚುತ್ತಿದ್ದ ಗಾಡಿ ಅದು. ಅಣ್ಣ ಆಸ್ಪತ್ರೆಯಲ್ಲಿದ್ದಾಗ ಅದಕ್ಕೆ ಆ ಬಲ ಬಂದಿತ್ತು.

ತಮ್ಮ ಕುಕ್ಕರಗಾಲಿನಲ್ಲಿ ಕೂತು ನಮ್ಮ ಕಡೆ ಬಗ್ಗಿದ. ಹೊರಗಿನವರಿಗೆ ಕೇಳದಷ್ಟು ಮೆಲ್ಲಗೆ, "ಅಣ್ಣಾ, ಮಾತಾಡೋಕಿಂತ ಮೊದ್ಲ ನಿನ್ನ ಹಾಸಿಗಿ ಎಲ್ಲೈತಿ ಅಂತ ನೆನಸ್ಕೋ" ಎಂದ. ಎದ್ದು ಹೋದ.

ನಾವು ಹೊರಗೆ ಬಂದೆವು. "ಏನಂತಪಾ ಮೇಸ್ತ್ರಿ? ಕಂಪನಿನೋ ಸೆಟ್ಟಿಂಗೋ?" ಎಂದರು ಜನ.

ನಾನು ಬಾಯಿ ತೆರೆದಿದ್ದೆ. ಮುದುಕ ಅಷ್ಟರಲ್ಲಿ ಹೇಳಿಬಿಟ್ಟ: "ಸೆಟ್ಟಿಂಗ. ನಾನ ಗುಜರ್ಯಾಗ ತಂದು ಹಾಕಿಸಿದ್ದೆ. ಇಷ್ಟ ದಿನ ಸುಳ್ಳ ಹೇಳೀನಿ."

ಯಾರೋ ಸಿಳ್ಳೆ ಹೊಡೆದರು. ನಗು ಶುರುವಾಯಿತು. ನನಗೆ ತಡೆಯಲಾಗಲಿಲ್ಲ. "ಇಲ್ರೀ, ಮುಂದಿಂದು ಕಂಪನಿದ ಐತಿ, ರಿವೆಟ್ ಅದಾವು, ಹಿಂದಿಂದು..." ಎಂದೆ.

ಮುದುಕ ನನ್ನ ಕಡೆ ತಿರುಗಿ ಎಲ್ಲರಿಗೂ ಕೇಳುವಂತೆ ಒದರಿದ: "ಏಯ್, ನೀ ಏನ್ ಓದೀಯಲೇ? ಏಳನೇ ಕ್ಲಾಸ್ ಪಾಸಾಗ್ಲಿಲ್ಲ, ಸ್ಪ್ಯಾನರ್ ತೊಳ್ಕೊಂತ ಬೆಳದೋನು, ಇಂಜಿನಿಯರ್ ಆಗ್ಯಾನ! ಗಾಡಿ ನಂದು. ನನಗ ಗೊತ್ತಿಲ್ಲೇನು? ನಡಿ, ನಿನ್ನೂರಿಗೆ ನಡಿ!"

ಜನ ಈಗ ನನ್ನನ್ನು ನೋಡಿ ನಕ್ಕರು. ತಮ್ಮ ಎಲ್ಲರಿಗಿಂತ ಜೋರಾಗಿ ನಕ್ಕ. ನನ್ನ ಜಾಕಿ, ನನ್ನ ಗೋಣಿಚೀಲ ಎತ್ತಿಕೊಂಡು ಬೈಕು ಹತ್ತಿದೆ. ದಾರಿಯುದ್ದಕ್ಕೂ ಕಿವಿ ಸುಡುತ್ತಿತ್ತು.

ಕೆಲವು ತಿಂಗಳು ಕಳೆದವು. ಸಾಹೇಬರು ಫೋನ್ ಮಾಡಿದರು. ಅವರು ಹುಡುಕುತ್ತಿದ್ದ ಗಾಡಿ ಸಿಕ್ಕಿದೆಯಂತೆ, ಹರಪನಹಳ್ಳಿಯಲ್ಲಿ, ನೋಡಲು ತಾವೇ ಬರುತ್ತಿದ್ದಾರಂತೆ, ನಾನೂ ಬರಬೇಕಂತೆ. ಹೋದೆ. ಅಂಗಳದಲ್ಲಿ ಮುದುಕನ ಗಾಡಿ ಇರಲಿಲ್ಲ. ಕತ್ತರಿಸಿದ ಅದರ ಚಾಸಿಯ ತುಂಡುಗಳು ಗೋಡೆಗೆ ಒರಗಿದ್ದವು. ತಮ್ಮನ ಪಿಕಪ್ ಹೊಸ ಬಣ್ಣ ಬಳಿದುಕೊಂಡು ನಿಂತಿತ್ತು, ಮುಂದೆಯೂ ಹೌಸಿಂಗ್, ಹಿಂದೆಯೂ ಹೌಸಿಂಗ್, ಎರಡೂ ಮುದುಕನ ಗಾಡಿಯವು. ಬಾನೆಟ್ಟಿನ ಪಕ್ಕ ಮುದುಕ ತೊಳೆದ ಅಂಗಿ ಹಾಕಿಕೊಂಡು ನಿಂತಿದ್ದ.

"ಕಂಪನಿ ಫಿಟ್ಟಿಂಗ್ ರೀ ಸಾಹೇಬ್ರ" ಎಂದ. "ಹರಾಜಿನ್ಯಾಗ ನಾನ ತಂದೀನಿ. ಹಿಂಗ ಬಂದಿತ್ತು. ಒಂದ ಬೋಲ್ಟೂ ಯಾರೂ ಮುಟ್ಟಿಲ್ಲ."

ಸುತ್ತ ಅದೇ ಜನ. ಅದೇ ಗ್ಲಾಸುಗಳು. "ಹೌದ್ರಿ, ಹಿರೇರು ಇವ್ರು, ಸುಳ್ಳ ಹೇಳೋರಲ್ಲ" ಎಂದ, ಹಿಂದೆ ಅವನ ಹಲ್ಲು ಕಂಪನಿವೋ ಸೆಟ್ಟಿಂಗೋ ಎಂದು ಕೇಳಿದ್ದವನು. ಉಳಿದವರು ತಲೆಯಾಡಿಸಿದರು. ಮುದುಕ ನನ್ನ ಕಡೆ ಒಮ್ಮೆ ನೋಡಿದ. ಬೇಡಿಕೊಳ್ಳುವ ಹಾಗೆಯೂ ಇತ್ತು, ಬೈಯುವ ಹಾಗೆಯೂ ಇತ್ತು.

ಸಾಹೇಬರು, "ಏನಂತೀರಿ ನೀವು?" ಎಂದರು.

ಕೆಳಗೆ ಸರಿದು ನೋಡಿ ಎದ್ದು ಬಂದೆ. "ಸಾಮಾನು ಕಂಪನಿದ ಐತ್ರಿ. ಗಾಡಿ ಅದಲ್ಲ. ಮುಂದಿನ ಬ್ರಾಕೆಟ್ಟಿಗೆ ಬೋಲ್ಟ್ ಹಾಕ್ಯಾರ, ಮ್ಯಾಲೆ ಬಣ್ಣ ಹೊಡದಾರ. ಇದು ಸೆಟ್ಟಿಂಗ್."

ಸಾಹೇಬರು ಇನ್ನೊಮ್ಮೆ ಕೇಳಲಿಲ್ಲ. ಕಾರು ಹತ್ತಿ ಹೊರಟುಹೋದರು. ಹಿಂದಿನ ಸೇಡಿಗೆ ನಾನು ಹಾಗೆ ಹೇಳಿದೆ ಎಂದು ಹರಪನಹಳ್ಳಿಯಲ್ಲಿ ಈಗಲೂ ಅನ್ನುತ್ತಾರೆ. ಅನ್ನಲಿ. ಬೋಲ್ಟಿಗೆ ರಿವೆಟ್ ಅನ್ನಲು ನನಗೆ ಬಾಯಿ ಬರುವುದಿಲ್ಲ. ಅವತ್ತೂ ಬರಲಿಲ್ಲ, ಇವತ್ತು ಕರೆದು ಕೇಳಿದರೂ ಬರುವುದಿಲ್ಲ.

ತಮ್ಮ ನನ್ನನ್ನು ದಾಟಿಕೊಂಡು ನಡೆದ. ಅಣ್ಣನ ಹತ್ತಿರ ಹೋಗಿ, ಅಂಗಿಯ ಕಾಲರ್ ಸರಿಮಾಡುವವನ ಹಾಗೆ ಮುಟ್ಟಿ, "ನೋಡಿದ್ಯಾ? ನಿನ್ನ ಬಾಯಾಗ ಬಂದಿದ್ದು ಯಾವತ್ತಾರ ನಡದೈತೇನು?" ಎಂದ. ಜನ ಕರಗಿದರು. ಮುದುಕ ಕತ್ತರಿಸಿದ ಚಾಸಿಯ ತುಂಡೊಂದರ ಮೇಲೆ ಕೂತ.

ನಾನು ಬೈಕಿನ ಹತ್ತಿರ ನಿಂತಿದ್ದಾಗ ತಮ್ಮನ ಹೆಂಡತಿ ಒಳಗಿನಿಂದ ಬಾಗಿಲಿಗೆ ಬಂದಳು. "ರೊಟ್ಟಿ ಆರ್ತಾವು, ಬರ್ರಿ" ಎಂದು ಗಂಡನನ್ನು ಕರೆದಳು, ಕೆಲಸದವರನ್ನೂ ಕರೆದಳು. ಮುದುಕ ಅಭ್ಯಾಸಬಲದಿಂದ ಕೈ ತೊಳೆಯಲು ಎದ್ದು ನಲ್ಲಿಯ ತನಕ ಹೋದ. ಕೈ ತೊಳೆದು ತಿರುಗುವಷ್ಟರಲ್ಲಿ ಬಾಗಿಲು ಮುಚ್ಚಿತ್ತು. ಒದ್ದೆ ಕೈಗಳನ್ನು ಮುಂದೆ ಹಿಡಿದುಕೊಂಡು ಅವನು ಅಲ್ಲೇ ನಿಂತ. ಅಂಗಿಗೆ ಒರೆಸಿಕೊಳ್ಳಲಿಲ್ಲ.